ಎಷ್ಟು ಸಲ ಒತ್ತಬೇಕು

ಅಂಗಿಯ ತೋಳಿನ ಅಂಚು ಮಡಿಸಿ ಗುಂಡುಸೂಜಿ ಚುಚ್ಚುತ್ತಿದ್ದಾಗ ಒಳಗಿನಿಂದ ಗಂಡನ ಕೂಗು ಬಂತು.

"ಲೇ, ಬಾರೇ ಇಲ್ಲಿ. ಮತ್ತೆ ಬಿತ್ತು."

ಬಿದ್ದದ್ದು ವಿಮಾನ. ಬೆಳಗಿನಿಂದ ಎಷ್ಟನೆಯದೋ, ಅವಳು ಲೆಕ್ಕ ಬಿಟ್ಟಿದ್ದಳು. ಗಂಡ ನಿವೃತ್ತನಾದ ಮೇಲೆ ಕಂಪ್ಯೂಟರಿನ ಮುಂದೆ ಜಾಯ್‌ಸ್ಟಿಕ್ಕೊಂದು ಬಂದು ಕೂತಿತ್ತು. ಅದರ ಹಿಂದೆಯೇ ಯುದ್ಧವಿಮಾನ ಹಾರಿಸುವ ಆಟ, ಆಟದ ಹಿಂದೆ ದಿಂಬಿನಷ್ಟು ದಪ್ಪದ ಕೈಪಿಡಿ. ಆಕಾಶದಿಂದ ಕಣ್ಣು ಕೀಳಲು ಅವನಿಗೆ ಪುರುಸೊತ್ತಿಲ್ಲ. ಹಾಗಾಗಿ ಕೈಪಿಡಿ ಓದಿ ಹೇಳುವ ಕೆಲಸ ಇವಳ ಕೊರಳಿಗೆ ಬಿದ್ದಿತ್ತು.

ಸೂಜಿ ಬಟ್ಟೆಯಲ್ಲೇ ಬಿಟ್ಟು ಎದ್ದಳು. ಸಂಜೆಯೊಳಗೆ ಅವಳೊಂದು ಉತ್ತರ ಹೇಳಬೇಕಿತ್ತು. ಹೊಲಿಗೆ ಕಲಿಸುವ ಕೇಂದ್ರವೊಂದು ಮೂರು ತಿಂಗಳ ಮಟ್ಟಿಗೆ ಬೇರೆ ಊರಿಗೆ ಬಂದು ಪಾಠ ಹೇಳಿಕೊಡಿ ಎಂದು ಕರೆದಿತ್ತು. ಗಂಡನಿಗೆ ಹೇಳಿದಾಗ, ಹೋಗು, ನಾನೇನು ಕಟ್ಟಿಹಾಕಿದ್ದೀನಾ ಎಂದಿದ್ದ. ಅದೇ ಉಸಿರಿನಲ್ಲಿ, ವಾಷಿಂಗ್ ಮೆಷಿನ್ನಿನ ಗುಂಡಿ ಎಷ್ಟು ಸಲ ಒತ್ತಬೇಕು ಎಂದೂ ಕೇಳಿದ್ದ. ಕೇಂದ್ರಕ್ಕೆ ಹೂಂ ಎನ್ನುವುದನ್ನು ಅವಳು ಅಲ್ಲಿಗೇ ಮುಂದೂಡಿದ್ದಳು.

ವಿಮಾನದ್ದೂ ಅದೇ ಕಥೆ. ದಾರಿ ತೋರಿಸುವುದಕ್ಕೆ ಇರುವುದು ಒಂದೇ ಗುಂಡಿ. ಒತ್ತಿದಂತೆಲ್ಲ ಮೊದಲು ನಕ್ಷೆಯಲ್ಲಿನ ಮುಂದಿನ ಗುರುತಿನ ದಾರಿ, ಆಮೇಲೆ ನೆಲೆಗೆ ಮರಳುವ ದಾರಿ, ಆಮೇಲೆ ರನ್‌ವೇಗೆ ಇಳಿಯುವ ದಾರಿ, ತಿರುಗಿ ಮೊದಲಿನದು. ಈಗ ಯಾವುದರಲ್ಲಿದ್ದೇವೆ ಎಂದು ಪರದೆಯಲ್ಲಿ ಕಾಣುವ ವಿಮಾನದ ಎದುರುಗಾಜಿನ ಮೂಲೆಯಲ್ಲಿ ಹಸಿರು ಅಕ್ಷರಗಳಲ್ಲಿ ಬರೆದಿರುತ್ತದೆ. ಅವನು ಆ ಮೂಲೆ ನೋಡುವವನಲ್ಲ, ಒತ್ತುವವನು. ಇಳಿಯುವ ದಾರಿ ದಾಟಿಹೋಗಿ, ಮುಂದಿನ ಗುರುತನ್ನೇ ರನ್‌ವೇ ಎಂದು ನಂಬಿ, ನೆಟ್ಟಗೆ ಹೋಗಿ ಗುಡ್ಡಕ್ಕೆ ಗುದ್ದುವನು.

"ಮೂರು ಸಲ ಅಂದ್ಯಲ್ಲ, ಮೂರು ಸಲಾನೇ ಒತ್ತಿದೆ," ಎಂದ, ಗುಡ್ಡವನ್ನು ಅವಳೇ ತಂದಿಟ್ಟಂತೆ.

"ನಿನ್ನೆ ಮೂರು. ಇವತ್ತು ನೀವು ಆಗಲೇ ಒಂದ್ಸಲ ಒತ್ತಿಬಿಟ್ಟಿದ್ರಿ. ಎಲ್ಲಿದ್ದೀವಿ ಅಂತ ಮೂಲೇಲಿ ನೋಡಿ, ಆಮೇಲೆ ಒತ್ತಿ. ಎಷ್ಟು ಸಲ ಹೇಳೋದು ರೀ?"

"ನೀನು ಪಕ್ಕದಲ್ಲೇ ಕೂತಿರ್ತೀಯಲ್ಲ. ನಾನ್ಯಾಕೆ ನೋಡ್ಲಿ?"

ಜಗಳಕ್ಕೆ ಹೇಳಿದ ಮಾತಲ್ಲ ಅದು. ಬೆಳಗಾಯಿತು ಎನ್ನುವಷ್ಟು ಸಹಜವಾಗಿ ಹೇಳಿ, ಅವನು ಮತ್ತೆ ವಿಮಾನ ಏರಿಸಿದ.

ಅವಳು ಕೈಪಿಡಿಯನ್ನು ತೊಡೆಯ ಮೇಲೆ ಮುಚ್ಚಿಟ್ಟಳು. ಮೋಡ ಸರಿದವು. ಶತ್ರುವಿನ ವಿಮಾನವೊಂದು ಹೊಗೆಯಾಯಿತು. ಈಗ ಎಷ್ಟು ಸಲ, ಎಂದು ಕೇಳಿದ. ಕಿವಿ ಕೇಳಿಸ್ತಿಲ್ವಾ, ಇಂಧನ ಮುಗೀತಿದೆ ಎಂದು ಸಿಡುಕಿದ. ಮೂಲೆಯಲ್ಲಿ ನೆಲೆಗೆ ಮರಳುವ ದಾರಿ ಎಂದಿತ್ತು; ಒಂದು ಸಲ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ತಡೆದಳು. ಅವನು ಗೊಣಗುತ್ತ ಕನ್ನಡಕವನ್ನು ಮೂಗಿನ ಮೇಲೆ ಏರಿಸಿ ಗಾಜಿನ ಮೂಲೆಗೆ ಬಾಗಿದ. ತುಟಿ ಅಲುಗಾಡಿಸಿ ಓದಿದ. ಒಂದೇ ಒಂದು ಸಲ ಒತ್ತಿದ.

ರನ್‌ವೇ ಎದುರಿಗೆ ಬಂತು. ವಿಮಾನ ಎರಡು ಸಲ ಪುಟಿದು, ಅಂಚು ಬಿಟ್ಟು ಹುಲ್ಲಿಗಿಳಿದು, ಅಡ್ಡಾದಿಡ್ಡಿ ಓಡಿ ನಿಂತಿತು. ರೆಕ್ಕೆಗಳೆರಡೂ ಇದ್ದವು.

ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. "ನೋಡಿದ್ಯಾ? ನೀನು ಬಾಯಿ ಮುಚ್ಚಿಕೊಂಡಿದ್ರೆ ಎಲ್ಲಾ ಸರಿಯಾಗುತ್ತೆ."

"ಹೌದು," ಎಂದಳು.

ಅವನು ಗೆಳೆಯನಿಗೆ ಫೋನು ಹಚ್ಚಿ, ಆ ಇಳಿತವನ್ನು ಮೊದಲಿನಿಂದ ಬಣ್ಣಿಸತೊಡಗಿದ. ಅವಳು ಕೋಣೆಗೆ ಹೋಗಿ ಸ್ಟೂಲು ಹತ್ತಿ, ಬೀರುವಿನ ಮೇಲಿನ ಅರೆಯಿಂದ ಹಳೆಯ ಉಣ್ಣೆಯ ಸ್ವೆಟರ್ ಇಳಿಸಿದಳು. ಹೊಲಿಗೆ ಕೇಂದ್ರದ ಆ ಊರಿನಲ್ಲಿ ಚಳಿ ಜಾಸ್ತಿಯಂತೆ. ಬಾಲ್ಕನಿಯ ತಂತಿಯ ಮೇಲೆ ಅದನ್ನು ಹರವಿ, ಮಡಿಕೆ ಬಿದ್ದಿದ್ದ ತೋಳುಗಳನ್ನು ಒಂದೊಂದಾಗಿ ಎಳೆದು ಬಿಸಿಲಿಗೆ ಬಿಡಿಸಿದಳು.