ಬಲಪರದೆಗೆ ಕಣ್ಣುಕತ್ತಲೆ

ಕಟ್ಟಡಗಳ ನಕ್ಷೆ ಬರೆದುಕೊಡುವ ಆ ಕಚೇರಿಯಲ್ಲಿ ಕಂಪ್ಯೂಟರು ಮುನಿಸಿಕೊಂಡರೆ ರಮಿಸುವ ಕೆಲಸ ಟೀವಿ ಡಾಕ್ಟರದು. ಇಪ್ಪತ್ತು ವರ್ಷ ಟೀವಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವರು. ಜನ ಕೆಟ್ಟ ಟೀವಿಯನ್ನು ಎಸೆದು ಹೊಸದನ್ನೇ ತರತೊಡಗಿದ ಮೇಲೆ ಅಂಗಡಿಗೆ ಬೀಗ ಬಿತ್ತು, ಹೆಸರು ಮಾತ್ರ ಅಂಟಿಕೊಂಡೇ ಉಳಿಯಿತು. ಅವರಿಗೆ ಈ ಕೆಲಸ ಕೊಟ್ಟವನು ಕಚೇರಿಯ ಯಜಮಾನ, ಅವರ ಖಾಸಾ ಷಡ್ಡಕ, ಹೆಂಡತಿಯ ಅಕ್ಕನನ್ನು ಕಟ್ಟಿಕೊಂಡವನು. ಅವನನ್ನು ಕಚೇರಿಯಲ್ಲಿ ಸಾರ್ ಎನ್ನಬೇಕು, ಮನೆಯಲ್ಲಿ ಅಣ್ಣ ಎನ್ನಬೇಕು. ಎರಡೂ ಕಡೆ ಬಾಯಲ್ಲಿ ಬಹುವಚನವೇ. ಮನಸ್ಸಿನೊಳಗೆ ಮಾತ್ರ ಡಾಕ್ಟರು ಏಕವಚನ ಬಿಟ್ಟು ಕದಲಿದವರಲ್ಲ, ಈ ಕಥೆಯೂ ಅವರ ಮನಸ್ಸಿನ ಪಕ್ಷವೇ.

ನಕ್ಷೆ ಬರೆಯುವಾಕೆಯ ಮೇಜಿನ ಮೇಲೆ ಎರಡು ಪರದೆಗಳು. ಎಡಗಡೆಯದರಲ್ಲಿ ನಕ್ಷೆ, ಬಲಗಡೆಯದರಲ್ಲಿ ಅಳತೆಗಳು ಮತ್ತು ಗಿರಾಕಿಗಳ ತಕರಾರು. ಒಂದು ತಿಂಗಳಿಂದ ಬಲಗಡೆಯದಕ್ಕೆ ಆಗಾಗ ಕಣ್ಣುಕತ್ತಲೆ ಬರುತ್ತಿತ್ತು. ಎರಡು ಮೂರು ಸೆಕೆಂಡು, ಅಷ್ಟೇ. ಆದರೆ ಅಷ್ಟರಲ್ಲಿ ಅಲ್ಲಿ ತೆರೆದಿಟ್ಟದ್ದೆಲ್ಲ ಗಂಟುಮೂಟೆ ಕಟ್ಟಿಕೊಂಡು ಎಡಗಡೆಗೆ ಬಂದು ನಕ್ಷೆಯ ಮೇಲೆ ಕೂರುತ್ತಿತ್ತು. ಆಕೆ ಎಳೆಯುತ್ತಿದ್ದ ಗೆರೆ ಎಲ್ಲೋ ಹೋಗುತ್ತಿತ್ತು, ಒತ್ತಿದ್ದು ಇನ್ನೆಲ್ಲೋ ತಾಗುತ್ತಿತ್ತು. ಹೀಗೇ ಒಂದು ದಿನ ಗಿರಾಕಿಯೊಬ್ಬರ ಮನೆಯ ಬಚ್ಚಲು ಬಾಗಿಲೇ ಇಲ್ಲದೆ ಅಚ್ಚಾಗಿ ಹೋಯಿತು.

ಗಿರಾಕಿ ಬಂದು ಕೂಗಾಡಿದ. ಯಜಮಾನ ಆಕೆಯ ಮೇಲೆ ಕೂಗಾಡಿದ. ಪರದೆ ಕಪ್ಪಾಗುತ್ತದೆ ಸಾರ್ ಎಂದು ಆಕೆ ಎಷ್ಟು ಹೇಳಿದರೂ ಅವನು ನಂಬಲೊಲ್ಲ. ಅವನು ಕೂರುವುದು ಆಕೆಯ ಬೆನ್ನ ಹಿಂದೆಯೇ, ಎದೆಯೆತ್ತರದ ಮರದ ತಡಿಕೆಯ ಆಚೆ. ಕರೆದಾಗಲೆಲ್ಲ ಎದ್ದು ಸುತ್ತು ಹಾಕಿಕೊಂಡು ಬರುತ್ತಿದ್ದ. ಅವನು ಬರುವಷ್ಟರಲ್ಲಿ ಪರದೆ ಬೆಳ್ಳಗೆ ನಗುತ್ತಿರುತ್ತಿತ್ತು. ಒಂದೇ ಒಂದು ಸಲವೂ ಅವನು ಆ ಕಪ್ಪನ್ನು ಕಣ್ಣಾರೆ ಕಂಡಿರಲಿಲ್ಲ.

ಡಾಕ್ಟರು ತಮಗೆ ಗೊತ್ತಿದ್ದ ಮದ್ದನ್ನೆಲ್ಲ ಅರೆದು ಕುಡಿಸಿದರು. ಕಂಪ್ಯೂಟರನ್ನು ಆರಿಸಿ ಹಚ್ಚಿದರು. ವೈರುಗಳನ್ನು ಕಿತ್ತು ಊದಿ ಮತ್ತೆ ಚುಚ್ಚಿದರು. ಎರಡು ಪರದೆಗಳನ್ನೂ ಅದಲುಬದಲು ಮಾಡಿದರು, ಆದರೂ ಬಲಗಡೆ ಇದ್ದದ್ದೇ ಕಪ್ಪಾಯಿತು. ಸೆಟ್ಟಿಂಗಿನೊಳಗೆ ಕೈ ಹಾಕಿ ಒಂದನೆಯದನ್ನು ಎರಡು, ಎರಡನೆಯದನ್ನು ಒಂದು ಮಾಡಿದರು. ಅವತ್ತು ಮೌಸನ್ನು ಬಲಕ್ಕೆ ತಳ್ಳಿದರೆ ಬಾಣ ಗೋಡೆಗೆ ಹಣೆ ಹಚ್ಚಿ ನಿಲ್ಲುತ್ತಿತ್ತು, ಎಡಕ್ಕೆ ತಳ್ಳಿದರೆ ಬಲಪರದೆಯಲ್ಲಿ ಪ್ರತ್ಯಕ್ಷವಾಗುತ್ತಿತ್ತು. ನಕ್ಷೆಯಾಕೆಗೆ ಸಂಜೆಯ ಹೊತ್ತಿಗೆ ತನ್ನ ಕೈಯ ಮೇಲೇ ಅನುಮಾನ ಬಂದಿತ್ತು. ಕೇಬಲ್ ಬದಲಾಯಿಸಿಯೂ ನೋಡಿದರು. ಆದರೆ ಯಜಮಾನ ಅಗ್ಗಕ್ಕೆ ಸಿಕ್ಕವೆಂದು ಒಂದೇ ಕಂತೆಯಲ್ಲಿ ತಂದಿಟ್ಟ ತೆಳು ಕೇಬಲುಗಳಲ್ಲಿ ಒಂದನ್ನು ತೆಗೆದು ಅದರ ತಮ್ಮನನ್ನು ಹಾಕಿದರೆ ಏನು ಬಂತು? ಕೊನೆಗೆ ಅಂಗಡಿಯ ಕಾಲದ ಅಭ್ಯಾಸದಂತೆ ಪರದೆಯ ಪಕ್ಕೆಗೆ ಎರಡು ತಟ್ಟಿದರು. ಯಜಮಾನ ಊಟಕ್ಕೆ ಹೋದ ಆ ಒಂದು ಗಂಟೆ ಅದು ತೆಪ್ಪಗಿತ್ತು. ವಾಸಿಯಾಯಿತೆಂದು ಡಾಕ್ಟರು ಎಲ್ಲರಿಗೂ ಸಾರಿ ಬಂದರು. ಅವನು ಮರಳಿ ಬಂದು ಕೂತನೋ ಇಲ್ಲವೋ ಮತ್ತೆ ಅದೇ ಕತೆ.

ಶುಕ್ರವಾರ ಸಂಜೆಯೊಳಗೆ ಸರಿಹೋಗದಿದ್ದರೆ ಹೊರಗಿನ ಕಂಪನಿಯವರನ್ನು ಕರೆಸುತ್ತೇನೆ, ನೀನು ಮನೆಯಲ್ಲಿ ಆರಾಮಾಗಿರು ಎಂದ ಷಡ್ಡಕ. ಆರಾಮು ಎಂದರೇನೆಂದು ಡಾಕ್ಟರಿಗೆ ಗೊತ್ತಿಲ್ಲದ್ದೇನಲ್ಲ. ನೌಕರಿ ಹೋಗುವುದಕ್ಕಿಂತ ಹೆಚ್ಚು ಉರಿಯುತ್ತಿದ್ದದ್ದು ಬೇರೆ. ಕಚೇರಿಯಲ್ಲಿ ಆದದ್ದನ್ನು ಅವನು ದಿನಾ ತನ್ನ ಹೆಂಡತಿಗೆ ಊದುತ್ತಿದ್ದ, ಅವಳು ತಂಗಿಗೆ ಫೋನು ಮಾಡುತ್ತಿದ್ದಳು. ಡಾಕ್ಟರು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅವರ ಸೋಲು ಒಳಗೆ ಬಂದು ಕೂತಿರುತ್ತಿತ್ತು. ಹೆಂಡತಿ ಬೈದಿದ್ದರೆ ತಡೆದುಕೊಳ್ಳುತ್ತಿದ್ದರು. ಅವಳು ಬೈಯುತ್ತಿರಲಿಲ್ಲ, ಅಯ್ಯೋ ಪಾಪ ಎನ್ನುವಂತೆ ನೋಡುತ್ತಿದ್ದಳು. ಒಂದು ಕಾಲಕ್ಕೆ ಅವರು ಟೀವಿ ಬಿಚ್ಚುವುದನ್ನು ಅಂಗಡಿಯ ಬಾಗಿಲಲ್ಲಿ ನಿಂತು ಕಣ್ಣರಳಿಸಿ ನೋಡಿದವಳು ಈಗ ಹಾಗೆ ನೋಡುವುದು ಅವರಿಗೆ ಸಹಿಸಲಾಗುತ್ತಿರಲಿಲ್ಲ.

ಗುರುವಾರ ಅವರು ನಕ್ಷೆಯಾಕೆಗೆ ಒಂದು ಕೆಲಸ ಹೇಳಿದರು. ಪರದೆ ಕಪ್ಪಾದಾಗಲೆಲ್ಲ ಗಡಿಯಾರ ನೋಡಿ ಬರೆದಿಡಬೇಕು. ಶುಕ್ರವಾರ ಮಧ್ಯಾಹ್ನ ಆ ಚೀಟಿ ಹಿಡಿದು ಆಕೆಯ ಪಕ್ಕ ಕೂತರು. ಒಂಬತ್ತು ಐವತ್ತು, ಒಂಬತ್ತು ಐವತ್ತೈದು. ಹತ್ತೂ ನಲವತ್ತು, ಹತ್ತೂ ನಲವತ್ತಾರು. ಎಲ್ಲವೂ ಜೋಡಿ ಜೋಡಿ, ನಡುವೆ ಐದಾರು ನಿಮಿಷ. ಇದೆಂಥ ರೋಗ ಎಂದು ತಲೆ ಕೆರೆದುಕೊಳ್ಳುತ್ತಿರುವಾಗಲೇ ಹಿಂದೆ ತಡಿಕೆಯಾಚೆ ಕುರ್ಚಿ ಉಸ್ಸೆಂದಿತು, ಪರದೆ ಕಪ್ಪಾಯಿತು. ತಿರುಗಿ ನೋಡಿದರೆ ಷಡ್ಡಕ ಅವಸರದಲ್ಲಿ ಶೌಚಾಲಯದ ಕಡೆ ಹೊರಟಿದ್ದ. ದಿನಕ್ಕೆ ನಾಲ್ಕು ಲೀಟರು ನೀರು ಕುಡಿಯಬೇಕೆಂದು ವೈದ್ಯರು ಅಪ್ಪಣೆ ಮಾಡಿದ್ದರು, ಅವನು ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದ. ಐದು ನಿಮಿಷಕ್ಕೆ ಮರಳಿ ಬಂದು ಕೂತ. ಪರದೆ ಮತ್ತೆ ಕಪ್ಪಾಯಿತು. ಡಾಕ್ಟರು ನಗು ಬಾರದಂತೆ ತುಟಿ ಕಚ್ಚಿ ಹಿಡಿದರು.

ನಾಲ್ಕು ಗಂಟೆಗೆ ಅವನೇ ಕೇಳಿದ, ಆಯಿತೇನಯ್ಯಾ ಎಂದು.

"ಸಾರ್, ಒಂದ್ಸಲ ಎದ್ದೇಳಿ," ಅಂದರು ಡಾಕ್ಟರು.

ಎದ್ದ. ತಡಿಕೆಯ ಈಚೆಯಿಂದ ನಕ್ಷೆಯಾಕೆ "ಹೋಯ್ತು" ಅಂದಳು.

"ಕೂತ್ಕೊಳ್ಳಿ ಸಾರ್."

ಕೂತ. "ಮತ್ತೆ ಹೋಯ್ತು" ಅಂದಳು.

ಮೂರು ಸಲಕ್ಕೇ ಡಾಕ್ಟರಿಗೆ ಖಾತ್ರಿಯಾಗಿತ್ತು. ಆದರೂ ಒಂಬತ್ತು ಸಲ ಮಾಡಿಸಿದರು. ಕಚೇರಿಯವರೆಲ್ಲ ಒಬ್ಬೊಬ್ಬರಾಗಿ ಬಂದು ತಡಿಕೆಯ ಸುತ್ತ ನಿಂತಿದ್ದರು. ಯಜಮಾನ ತಪ್ಪು ಮಾಡಿದ ಮಗುವಿನಂತೆ ಬಸ್ಕಿ ಹೊಡೆಯುತ್ತಿದ್ದ. ಒಂಬತ್ತನೆಯ ಸಲ ತಾನೇ ಬಂದು ನೋಡುತ್ತೇನೆಂದು ಹಟ ಹಿಡಿದು, ಕುರ್ಚಿಯಲ್ಲಿ ಬೇರೊಬ್ಬರನ್ನು ಕೂರಿಸಿ ಎಬ್ಬಿಸಿದ. ಒಂದು ತಿಂಗಳಲ್ಲಿ ಮೊದಲ ಸಲ ಆ ಕಪ್ಪನ್ನು ಅವನು ಕಣ್ಣಾರೆ ಕಂಡ.

ಡಾಕ್ಟರು ವಿವರಿಸಿದರು. ಹೋದ ತಿಂಗಳು ತರಿಸಿದ ಈ ಹೊಸ ಕುರ್ಚಿಯ ಕಾಲಿನೊಳಗೆ ಗಾಳಿ ತುಂಬಿದ ಕೊಳವೆ ಇದೆ. ಕೂತೆದ್ದಾಗ ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಿಡಿ ಹಾರುತ್ತದೆ. ಬಲಪರದೆಯ ಕೇಬಲ್ಲು ಬೇಕಾದ್ದಕ್ಕಿಂತ ಉದ್ದ, ಹೆಚ್ಚಾದದ್ದು ಹಿಂದೆ ತಡಿಕೆಯ ಬುಡದಲ್ಲಿ, ಕುರ್ಚಿಗೆ ತಾಗಿದಂತೆಯೇ ಬಿದ್ದಿರುತ್ತದೆ. ತೆಳು ಕೇಬಲ್ಲಾದ್ದರಿಂದ ಆ ಕಿಡಿಗೇ ಬೆಚ್ಚಿ ಬೀಳುತ್ತದೆ. ಹೀಗೆಂದು ದಪ್ಪ ಕೇಬಲ್ಲೊಂದನ್ನು ತಂದು, ಮೇಜಿನ ಆಚೆ ಬದಿಯಿಂದ ಸುತ್ತಿಸಿ ಹಾಕಿದರು. ಆಮೇಲೆ ಅವನು ಎಷ್ಟು ಎದ್ದು ಕೂತರೂ ಪರದೆ ಮಿಸುಕಾಡಲಿಲ್ಲ.

ಹೇಗೆ ಕಂಡುಹಿಡಿದೆ ಎಂದು ಅವನು ಕೇಳಿದ್ದಕ್ಕೆ ನಕ್ಷೆಯಾಕೆ ಮುಂದೆ ಬಂದು ಚೀಟಿಯನ್ನೇ ಕೈಗಿತ್ತಳು. ಅವನು ಸಮಯಗಳನ್ನು ಒಂದೊಂದಾಗಿ ಓದಿದ. ಅದು ಯಾವುದರ ಪಟ್ಟಿ ಎಂದು ಅರ್ಥವಾಗುತ್ತಿದ್ದಂತೆ ಕಿವಿ ಕೆಂಪಗಾಯಿತು. ಹೊರಡುವಾಗ ಡಾಕ್ಟರನ್ನು ಬಾಗಿಲ ಬಳಿ ನಿಲ್ಲಿಸಿದ.

"ಮನೇಲಿ ಹೇಳ್ಬೇಡ ಕಣಯ್ಯಾ."

"ಛೆ, ಛೆ, ನಾನ್ಯಾಕೆ ಹೇಳ್ಲಿ ಅಣ್ಣಾ," ಅಂದರು ಡಾಕ್ಟರು. ಮನಸ್ಸಿಟ್ಟೇ ಅಂದರು. ಅವನ ಮುಖ ನೋಡಿ ಅವರಿಗೂ ಅಯ್ಯೋ ಅನಿಸಿತ್ತು.

ಮನೆಯಲ್ಲಿ ಹೆಂಡತಿ ಅದೇ ನೋಟ ಹೊತ್ತು ಕಾದಿದ್ದಳು.

"ಅಕ್ಕ ಫೋನ್ ಮಾಡಿದ್ಳು. ಕೊನೆಗೂ ಭಾವನೇ ಕಂಡುಹಿಡಿದ್ರಂತೆ. ನೀವು ಪಕ್ಕದಲ್ಲಿ ಕೇಬಲ್ ಹಿಡ್ಕೊಂಡು ನಿಂತಿದ್ರಂತೆ. ಹೋಗ್ಲಿ ಬಿಡಿ, ಕೆಲಸ ಉಳೀತಲ್ಲ."

ಡಾಕ್ಟರು ಕುರ್ಚಿ ಎಳೆದು ಕೂತರು. ಮೊದಲಿನಿಂದ ಕೊನೆಯವರೆಗೆ, ನಾಲ್ಕು ಲೀಟರು ನೀರನ್ನೂ ಬಿಡದೆ, ಎದ್ದು ಕೂತು ಅಭಿನಯಿಸಿ ಹೇಳಿದರು. ಹೆಂಡತಿ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ನಗು ನಿಲ್ಲಿಸಿ ಅವರನ್ನೇ ಒಂದು ಗಳಿಗೆ ನೋಡಿದಳು, ಹಿಂದೆ ಅಂಗಡಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹಾಗೆ. ನೋಡಿ, ಫೋನು ಕೈಗೆತ್ತಿಕೊಂಡು ಅಕ್ಕನ ನಂಬರು ಒತ್ತಿದಳು.

ತಡೆಯಬೇಕಿತ್ತು. ಮಾತು ಕೊಟ್ಟು ಇನ್ನೂ ಒಂದು ಗಂಟೆಯಾಗಿರಲಿಲ್ಲ.

"ಸ್ಪೀಕರಿಗೆ ಹಾಕೇ," ಅಂದರು ಡಾಕ್ಟರು.