ಕಣ್ಣು ಮುಚ್ಚಿ ಹೇಳಿದ ಮಾತು

ಈ ವರ್ಷ ಸಿಟ್ಟು ಬಿಡುತ್ತೇನೆಂದು ಹೊಸ ವರ್ಷದ ಆರಾಧನೆಯಲ್ಲಿ ಇಡೀ ಸಭೆಯ ಮುಂದೆ ಎದ್ದು ನಿಂತು ಹೇಳಿದವಳು ನಾನು. ನಮ್ಮ ಚರ್ಚಿನಲ್ಲಿ ಅದೊಂದು ಪದ್ಧತಿ. ಒಬ್ಬೊಬ್ಬರೂ ಆ ವರ್ಷ ಬಿಡಬೇಕೆಂದಿರುವ ಒಂದು ಪಾಪದ ಹೆಸರು ಹೇಳಬೇಕು. ಗಂಡಸರು ವರ್ಷ ವರ್ಷವೂ ಗುಟ್ಕಾ ಬಿಡುತ್ತಾರೆ, ಅದೇ ಗುಟ್ಕಾ. ನಾನು ಸಿಟ್ಟು ಅಂದೆ. ಆಚೆ ಸಾಲಿನಲ್ಲಿ ಕೂತಿದ್ದ ನನ್ನ ಗಂಡ ಎಲ್ಲರಿಗಿಂತ ಜೋರಾಗಿ "ಆಮೆನ್" ಅಂದ. ಅಲ್ಲೇ ನನಗೆ ಸಿಟ್ಟು ಬಂತು.

ನನ್ನ ನಂತರ ಎದ್ದವಳು ಬಾಜು ಮನೆಯ ಕಸ್ತೂರೆವ್ವ. "ಮಂದಿ ಸುದ್ದಿ ಮಾತಾಡೂದು ಬಿಡ್ತೀನ್ರಿ" ಎಂದಳು. ಯಾರೂ ನಗಲಿಲ್ಲ. ಪಾಸ್ಟರ್ ಮಾತ್ರ ಸ್ವಲ್ಪ ಹೊತ್ತು ಕೆಮ್ಮಿದರು.

ಸುಳ್ಳು ಹೇಳಬಾರದು, ಅವಳು ಮಾತು ಉಳಿಸಿಕೊಂಡಳು. ಕಲಘಟಗಿ ಸಂತೆಗೆ ಟಂಟಂ ಆಟೋದಲ್ಲಿ ಹೋಗುವಾಗ ಯಾರಾದರೂ ಸುದ್ದಿ ತೆಗೆದರೆ "ನನ್ನ ಮುಂದ ಬ್ಯಾಡ್ರವಾ, ನಾ ಬಿಟ್ಟೀನಿ" ಎಂದು ಬಾಯಿಗೆ ಸೆರಗು ಹಿಡಿದು ಕೂರುತ್ತಿದ್ದಳು. ನನಗೋ ಹೊಟ್ಟೆಕಿಚ್ಚು. ನನ್ನ ತೀರ್ಮಾನ ಜನವರಿಯನ್ನೇ ದಾಟಲಿಲ್ಲ. ನೀರು ಬಿಡುವವನನ್ನು ಬೈದೆ, ಗಂಡನನ್ನು ಬೈದೆ, ಹತ್ತಿಕೊಳ್ಳದ ಒಲೆಯನ್ನೂ ಬೈದೆ. ರಾತ್ರಿ ಮೊಣಕಾಲೂರಿ ಕ್ಷಮೆ ಕೇಳುವುದು, ಬೆಳಿಗ್ಗೆ ಎದ್ದು ಮತ್ತೆ ಬೈಯುವುದು. ಕೇಳಿ ಕೇಳಿ ದೇವರಿಗಾದರೂ ಸಾಕಾಗಿರಬೇಕು, ನನಗಂತೂ ನನ್ನ ಮೇಲೆಯೇ ಸಾಕಾಗಿತ್ತು.

ಮಳೆಗಾಲ ಶುರುವಾಗುವ ಹೊತ್ತಿಗೆ ನನ್ನ ಮಗಳು ಸುನೀತಾಗೆ ಅಣ್ಣಿಗೇರಿಯಿಂದ ಸಂಬಂಧ ಬಂತು. ಹುಡುಗನ ಹೆಸರು ಸುದೀಪ, ಕುಡಿತ ಇಲ್ಲ, ಕೈಯಲ್ಲಿ ಕೆಲಸ ಇದೆ. ಫೋಟೋ ನೋಡಿದ ಸುನೀತಾ ಹೊಲಿಗೆ ಮಷೀನಿನ ಮುಂದೆ ಕೂತು ಹಾಡಿಕೊಂಡಳು. ಅವಳು ಹಾಡಿ ಎಷ್ಟೋ ದಿನವಾಗಿತ್ತು.

ಸುನೀತಾಗೆ ಫಿಟ್ಸ್ ಇದೆ. ಗುಳಿಗೆ ನುಂಗುತ್ತಾಳೆ, ಎರಡು ವರ್ಷದಿಂದ ಬಂದಿಲ್ಲ. ಊರಲ್ಲಿ ಈ ವಿಷಯ ನಮ್ಮನ್ನು ಬಿಟ್ಟರೆ ಕಸ್ತೂರೆವ್ವನಿಗೆ ಮಾತ್ರ ಗೊತ್ತು. ಕೊನೆಯ ಸಲ ಹಿತ್ತಲಲ್ಲಿ ಬಿದ್ದಾಗ ಓಡಿ ಬಂದು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ಕಸ್ತೂರೆವ್ವನೇ. ಅದನ್ನು ನಾನು ಮರೆತಿಲ್ಲ.

"ಅವ್ವಾ, ಮೊದಲ ಹೇಳಿಬಿಡೂಣು" ಎಂದಳು ಸುನೀತಾ.

"ಮೊದಲ ನೋಡಿ ಒಪ್ಪಲಿ ತಡಿ. ನಿಶ್ಚಯ ಆಗೂಮುಂದ ಹೇಳಿದ್ರಾತು."

"ನಿಶ್ಚಯದಾಗ ಹೇಳೂಣು ಅಂದ್ರ ಮದುವಿ ಆಗಲಿ ಅಂತಿ. ಆಮ್ಯಾಲೆ ಗೊತ್ತಾದ್ರ ಅವರ ಮನ್ಯಾಗ ನಾ ಹ್ಯಾಂಗ ಬಾಳೆ ಮಾಡ್ಲಿ?"

"ಸುಮ್ನಿರಲೇ, ನನಗ ಬುದ್ಧಿ ಹೇಳಾಕ ಬರಬ್ಯಾಡ" ಎಂದು ಗದರಿಸಿದೆ.

ಹುಡುಗನ ತಾಯಿ ಭಕ್ತಿವಂತೆ. "ಬುಧವಾರ ನಿಮ್ಮ ಮನ್ಯಾಗ ಪ್ರಾರ್ಥನಿ ಐತಂತಲ್ರಿ ಅಕ್ಕಾರ, ಅವತ್ತ ಬರ್ತೀವಿ" ಎಂದು ಫೋನಿನಲ್ಲಿ ಹೇಳಿದರು. ಪ್ರಾರ್ಥನೆಗೆ ಕೂತಾಗ ಮನೆಯವರ ಗುಣ ತಿಳಿಯುತ್ತದೆ ಎಂಬುದು ಅವರ ಲೆಕ್ಕ. ಒಳ್ಳೆಯದೇ ಆಯಿತು ಎಂದುಕೊಂಡೆ ನಾನು, ನನ್ನ ಬುದ್ಧಿ ಅಷ್ಟೇ ಓಡಿತು.

ಬುಧವಾರ ಸಂಜೆ ಪಡಸಾಲೆಯಲ್ಲಿ ಪಾಸ್ಟರ್, ಕಸ್ತೂರೆವ್ವ, ಹುಡುಗನ ಮನೆಯವರು, ನಾವು ಎಲ್ಲರೂ ಸುತ್ತಲೂ ಕೂತೆವು. ಮನೆ ಪ್ರಾರ್ಥನೆಯಲ್ಲಿ ಸರದಿ ಇರುತ್ತದೆ. ಕಣ್ಣು ಮುಚ್ಚಿಕೊಂಡು ಒಬ್ಬರಾದ ಮೇಲೆ ಒಬ್ಬರು ಗಟ್ಟಿಯಾಗಿ ಪ್ರಾರ್ಥಿಸಬೇಕು. ಒಬ್ಬರು ಆಮೆನ್ ಅನ್ನುವವರೆಗೆ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ದೇವರ ಹತ್ತಿರ ಮಾತಾಡುತ್ತಿರುವವರನ್ನು ಯಾರು ತಡೆಯುತ್ತಾರೆ?

ಹುಡುಗನ ತಾಯಿ ಮಾಡಿದರು, ಸುದೀಪ ಮಾಡಿದ, ಪಾಸ್ಟರ್ ಮಾಡಿದರು. ಕಸ್ತೂರೆವ್ವನ ಸರದಿ ಬಂತು. ಪ್ರಾರ್ಥನೆಗೆ ಕೂತರೆ ಅವಳ ಕನ್ನಡವೇ ಬೇರೆಯಾಗುತ್ತದೆ.

"ಪ್ರೀತಿಯುಳ್ಳ ಕರ್ತನೇ, ಈ ಮನೆಯನ್ನು ಆಶೀರ್ವದಿಸು. ನಿನ್ನ ಮಗಳಾದ ಸುನೀತಾಳನ್ನು ನಿನ್ನ ಪಾದಕ್ಕೆ ತರುತ್ತೇನೆ. ಅವಳ ಫಿಟ್ಸ್ ರೋಗವನ್ನು ನೀನು ಬಲ್ಲೆ. ಹಿತ್ತಲಲ್ಲಿ ಬಿದ್ದು ಬಾಯಲ್ಲಿ ನೊರೆ ಬಂದ ದಿನ ಕಾಪಾಡಿದವನು ನೀನೇ. ಗಂಡನ ಮನೆಯಲ್ಲಿ ಒಲೆಯ ಮುಂದೆ ಕೂತಾಗ ಅದು ಬಾರದ ಹಾಗೆ ನೋಡಿಕೋ..."

ನಾನು ಕಣ್ಣು ತೆರೆದೆ. ತೆರೆದಿದ್ದ ಇನ್ನೊಂದು ಜೊತೆ ಕಣ್ಣು ಹುಡುಗನ ತಾಯಿಯದು. ಅವು ಸುನೀತಾಳನ್ನೇ ನೋಡುತ್ತಿದ್ದವು. ಕಸ್ತೂರೆವ್ವ ಇನ್ನೂ ಮುಂದುವರಿಸಿದ್ದಳು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಖರೆ ಕಣ್ಣೀರು. ಸಂತೆಯಲ್ಲಿ, ನಳದ ಹತ್ತಿರ ಅಷ್ಟು ತಿಂಗಳು ಬಿಗಿ ಹಿಡಿದ ಬಾಯಿ ಇಲ್ಲಿ ಬಿಚ್ಚಿಕೊಂಡಿತ್ತು, ಅದು ಮಂದಿ ಸುದ್ದಿ ಎಂದು ಅವಳಿಗೆ ಅನಿಸಿಯೂ ಇರಲಿಲ್ಲ. ಎದ್ದು ಹೋಗಿ ಆ ಬಾಯಿ ಮುಚ್ಚಬೇಕು ಅನಿಸಿತು. ಕೂತಲ್ಲೇ ಹಲ್ಲು ಕಚ್ಚಿದೆ.

"ಆಮೆನ್" ಎಂದಳು. ಮುಂದಿನ ಸರದಿ ನನ್ನದು.

ಕಸ್ತೂರೆವ್ವನಿಗೆ ದಾನೀಶ್ ಎಂಬ ಮಗನಿದ್ದಾನೆ. ಗೋವಾದಲ್ಲಿ ಒಬ್ಬಳನ್ನು ರಿಜಿಸ್ಟರ್ ಮದುವೆಯಾಗಿ, ಆರು ತಿಂಗಳಿಗೆ ಬಿಟ್ಟು ಬಂದಿದ್ದಾನೆ. ಅಲ್ಲಿ ಇಬ್ಬರನ್ನೂ ಕಣ್ಣಾರೆ ನೋಡಿದ ನನ್ನ ತಮ್ಮ ಅಳ್ನಾವರದಿಂದ ಬಂದು ನನಗೆ ಹೇಳಿದ್ದ. ಊರಿಗೆ ಗೊತ್ತಿಲ್ಲ. ನನಗೆ ಗೊತ್ತಿದೆ ಎಂಬುದು ಕಸ್ತೂರೆವ್ವನಿಗೂ ಗೊತ್ತಿಲ್ಲ. ಆ ಮಾತು ಈಗ ನನ್ನ ನಾಲಿಗೆಯ ಮೇಲೆ ಪ್ರಾರ್ಥನೆಯಾಗಿಯೇ ಬಂದು ಕೂತಿತು. ಕರ್ತನೇ, ದಾನೀಶನು ಬಿಟ್ಟು ಬಂದ ಹೆಂಡತಿಯ ಮೇಲೆ ಕರುಣೆ ಇಡು. ಇಷ್ಟೇ ಸಾಕು. ಬೈಗುಳವಿಲ್ಲ, ಕೂಗಾಟವಿಲ್ಲ, ನಾನು ಸಿಟ್ಟು ಮಾಡಿದೆ ಎಂದು ಯಾರೂ ಹೇಳಲಾರರು. ಎಷ್ಟು ಚಂದದ ಪಾಪ! ಬಾಯಲ್ಲಿ ನೀರೂರಿತು.

"ಕರ್ತನೇ..." ಎಂದೆ.

ಅಷ್ಟರಲ್ಲಿ ಸುನೀತಾ ನನ್ನ ಮೊಣಕಾಲ ಮೇಲೆ ಕೈ ಇಟ್ಟಳು. ಅವಳು ಅಳುತ್ತಿದ್ದಾಳೆಂದುಕೊಂಡು ಓರೆಗಣ್ಣಿನಲ್ಲಿ ನೋಡಿದೆ. ಅಳುತ್ತಿರಲಿಲ್ಲ. ತಲೆಯ ಮೇಲಿನ ಕೊಡ ಇಳಿಸಿದವರ ಹಾಗೆ ಉಸಿರು ಬಿಡುತ್ತಿದ್ದಳು. ಕಸ್ತೂರೆವ್ವ ಹೇಳಿದ್ದರಲ್ಲಿ ಸುಳ್ಳು ಯಾವುದಿತ್ತು? ಅವರು ಬಂದ ಕೂಡಲೇ ನಾನೇ ಹೇಳಬೇಕಾಗಿದ್ದ ಮಾತು ಅದು. ನಾನು ಮುಚ್ಚಿಟ್ಟದ್ದನ್ನು ಅವಳು ಬಿಚ್ಚಿದಳು. ನನಗೆ ಅವಳ ಮೇಲೂ ಸಿಟ್ಟು, ನನ್ನ ಮೇಲೂ ಸಿಟ್ಟು, ಇಂಥ ಹೊತ್ತಿನಲ್ಲಿ ಬುದ್ಧಿ ಕೊಡುವ ದೇವರ ಮೇಲೂ ಸಿಟ್ಟು.

"ಕರ್ತನೇ, ಆಕಿ ಹೇಳಿದ್ದು ಖರೆ ಐತಿ. ಮಗಳು ಹೇಳೂಣು ಅಂದ್ಲು, ನಾನ ಬ್ಯಾಡಂದೆ. ಈ ಮಂದಿಗೆ ಮೋಸ ಮಾಡಾಕ ಹೊಂಟಿದ್ದೆ. ತಪ್ಪಾತು. ಆಮೆನ್."

ನನಗೆ ಆ ಚಂದದ ಕನ್ನಡ ಬರುವುದಿಲ್ಲ.

ಪ್ರಾರ್ಥನೆ ಮುಗಿದ ಮೇಲೆ ನಾನು ಚಹಾ, ಅವಲಕ್ಕಿ ತಂದಿಟ್ಟೆ. ಹುಡುಗನ ತಾಯಿ ಸುನೀತಾಳನ್ನೇ ಕೇಳಿದರು: "ಗುಳಗಿ ದಿನಾ ತೊಗೊತೀ ಇಲ್ಲವಾ?"

"ಹೌದ್ರಿ, ದಿನಾ ತೊಗೊತೀನಿ. ಎರಡು ವರ್ಷದಿಂದ ಬಂದಿಲ್ರಿ."

"ಮನೀಗೆ ಹೋಗಿ ಮಾತಾಡಿ ತಿಳಸ್ತೀವ್ರಿ" ಎಂದು ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಸುದೀಪ ಮಾತ್ರ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದ. ಅದಕ್ಕೆ ಏನು ಅರ್ಥವೋ ನನಗೆ ತಿಳಿಯಲಿಲ್ಲ.

ಎಲ್ಲರೂ ಹೋದ ಮೇಲೂ ಕಸ್ತೂರೆವ್ವ ಹೋಗಲಿಲ್ಲ. ಅವಲಕ್ಕಿ ತಟ್ಟೆ ಖಾಲಿ ಮಾಡಿ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ನೋಡಿದಿಲ್ಲ ರಾಹೇಲಕ್ಕ, ಪ್ರಾರ್ಥನಿಗೆ ಎಷ್ಟು ಬಲ ಐತಿ! ನಿನ್ನ ಬಾಯಿಲೆ ಖರೆ ಬಂತು. ಮುಂದಿನ ಬುಧವಾರ ನಮ್ಮ ಮನ್ಯಾಗ ಪ್ರಾರ್ಥನಿ. ದಾನೀಶನ್ನ ನೋಡಾಕ ಕುಂದಗೋಳದಿಂದ ಮಂದಿ ಬರಾಕತ್ತಾರ. ನೀನೂ ಬಂದು ಅವನ ಸಲುವಾಗಿ ಪ್ರಾರ್ಥನಿ ಮಾಡಬೇಕು."

ಹಬೆಯಂತೆ ಸಿಟ್ಟು ತಲೆಗೇರಿತು. ಹೂಂ ಅಂದರೆ ಮುಗಿಯುತ್ತಿತ್ತು. ಬುಧವಾರ ಹೋಗಿ, ಕೈ ಜೋಡಿಸಿ, ಕಣ್ಣು ಮುಚ್ಚಿ ಎಲ್ಲ ಹೇಳಬಹುದಿತ್ತು. ಅವಳೇ ಕರೆಯುತ್ತಿದ್ದಾಳೆ, ನನ್ನ ತಪ್ಪೇನು?

ಒಂದು ಹೂಂ ಗಂಟಲವರೆಗೆ ಬಂತು. ನುಂಗಿದೆ. ಬಾಗಿಲು ಹಾಕಿ ಅವಳ ಎದುರಿಗೆ ಕೂತೆ.

"ಕಸ್ತೂರೆವ್ವಾ, ದಾನೀಶ ಗೋವಾದಾಗ ಮದುವಿ ಆಗಿದ್ದು ನನಗ ಗೊತ್ತೈತಿ. ಇವತ್ತಿನ ತನಕ ಯಾರ ಮುಂದೂ ಅಂದಿಲ್ಲ, ಇನ್ನ ಮ್ಯಾಲೂ ಅನ್ನಂಗಿಲ್ಲ. ಕುಂದಗೋಳದ ಹುಡುಗಿ ಮಂದಿಗೆ ನೀನ ಹೇಳು."

ಅವಳ ಮುಖದ ಬಣ್ಣ ಇಳಿಯಿತು. ತಟ್ಟೆಯನ್ನು ಸುಮ್ಮನೆ ಆ ಕೈಯಿಂದ ಈ ಕೈಗೆ ಬದಲಿಸಿದಳು. ಕೊನೆಗೆ ಸಣ್ಣ ದನಿಯಲ್ಲಿ, "ಪ್ರಾರ್ಥನ್ಯಾಗ ಹೇಳ್ಲೇನಕ್ಕಾ?" ಎಂದಳು.

"ಬ್ಯಾಡ" ಎಂದೆ. "ಕಣ್ಣು ತೆರಕೊಂಡು ಹೇಳು."