ಒಂದೇ ಕಡೆ ಮುಖ ಮಾಡಿದ ಫ್ಯಾನು

ಕಚೇರಿಯ ಸ್ಟ್ಯಾಂಡ್ ಫ್ಯಾನು ಅತ್ತಿತ್ತ ತಿರುಗುವುದನ್ನು ನಿಲ್ಲಿಸಿ ವರ್ಷವಾಗುತ್ತಾ ಬಂದಿತ್ತು. ಅದರ ಮುಖ ಯಾರ ಕಡೆಗಿರಬೇಕು ಅಂತ ಟಪಾಲು ಗುಮಾಸ್ತೆಗೂ ಟೈಪಿಸ್ಟಿಗೂ ದಿನಬೆಳಗಾದರೆ ಜಟಾಪಟಿ. ಸೂಪರಿಂಟೆಂಡೆಂಟ್ ಮೇಡಂಗೆ ತಲೆ ಚಿಟ್ಟುಹಿಡಿಯಿತು.

“ಸಾಕು ನಿಲ್ಲಿಸ್ರೀ! ಏನಿದ್ದರೂ ಬರೆದುಕೊಡಿ.”

ಟೈಪಿಸ್ಟ್ ಗುಮಾಸ್ತೆಯ ಮೇಲೆ ದೂರು ಬರೆದ. ಆದರೆ ಬಂದ ಕಾಗದಕ್ಕೆಲ್ಲ ನಂಬರು ಹಾಕುವವಳು ಅವಳೇ ತಾನೆ? ಓದಿ, “ತಾರೀಖಿಲ್ಲ” ಎಂದು ವಾಪಸ್ ಕೊಟ್ಟಳು. ಅವನು ತಾರೀಖು ಹಾಕಿಕೊಂಡು ಬಂದ.

“ಇದೇನಪ್ಪಾ, ನಾನು ನಿನ್ನ ಟೀ ಚೆಲ್ಲಿದ್ದೇ ಬರೆದಿಲ್ಲ?”

“ಅಯ್ಯೋ, ಅದು ಕೈತಪ್ಪಿ ಆಗಿದ್ದು ಬಿಡಕ್ಕಾ.”

ಅವಳು ಕಿಸಕ್ಕನೆ ನಕ್ಕಳು. ಇಬ್ಬರೂ ಅಕ್ಕಪಕ್ಕ ಕೂತು ದೂರನ್ನು ತಿದ್ದತೊಡಗಿದರು. ಬಾಗಿಲ ಸಂದಿಯಿಂದ ಇಣುಕಿದ ಮೇಡಂ, ಜಗಳ ಬಿಡಿಸಿದ ತಮ್ಮ ಜಾಣತನಕ್ಕೆ ತಾವೇ ಬೀಗಿದರು.

ಸಂಜೆ ದೂರು ಅವರ ಮೇಜಿಗೆ ಬಂತು. ನಂಬರಿತ್ತು, ತಾರೀಖಿತ್ತು, ಇಬ್ಬರ ಸಹಿಯೂ ಇತ್ತು. ದೂರು ಮಾತ್ರ ಮೇಡಂ ಮೇಲೆ: ಫ್ಯಾನು ರಿಪೇರಿಯ ಅರ್ಜಿ ಹನ್ನೊಂದು ತಿಂಗಳಿಂದ ಅವರ ಮೇಜಿನ ಮೇಲೆ ಕೊಳೆಯುತ್ತಿದೆ.

“ಸುಳ್ಳು! ಎಲ್ಲಿದೆ, ತೋರಿಸ್ರೀ!”

ಗುಮಾಸ್ತೆ ಮೇಡಂನ ಊಟದ ಡಬ್ಬಿ ಎತ್ತಿದಳು. ಅಡಿಯಲ್ಲಿ ಅರ್ಜಿ, ಅದರ ಮೇಲೆ ಹನ್ನೊಂದು ತಿಂಗಳ ಎಣ್ಣೆ ಕಲೆ.

ಮೇಡಂಗೆ ದಳದಳ ಬೆವರಿಳಿಯಿತು. ಇಬ್ಬರೂ ಫ್ಯಾನು ಎತ್ತಿ ತಂದು ಅವರ ಮುಖಕ್ಕೆ ತಿರುಗಿಸಿ ನಿಲ್ಲಿಸಿದರು.